ಟೇಕಲ್ ಬೆಟ್ಟದ ಮೊಲ

ಯುದ್ಧ ಶುರುವಾದ ಕಾಲ. ನಾನು ಮಾಲೂರಿನ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಕೋಲಾರದಲ್ಲಿದ್ದ ಪಾದ್ರಿಯೊಬ್ಬರು ತಮ್ಮ ದೇಶಕ್ಕೆ ಹೊರಡುವಾಗ ಯೂರೋಪಿನ ಚಿತ್ರಗಳ ಹಳೆಯ ಪುಸ್ತಕವೊಂದನ್ನು ನನಗೆ ಕೊಟ್ಟುಹೋದರು. ಅದರ ಒಂದು ಪುಟವನ್ನು ಎಷ್ಟು ಸಲ ನೋಡಿದೆನೋ. ಬೇಟೆಯಾಡಿ ತಂದ ಮೊಲವನ್ನು ಹಿಂಗಾಲು ಕಟ್ಟಿ ತೂಗುಹಾಕಿದ್ದರು. ಕೆಳಗೆ ಮೇಜಿನ ಮೇಲೆ ಎರಡು ಗೌಜಲ ಹಕ್ಕಿ, ಅರ್ಧ ಸುಲಿದ ನಿಂಬೆಹಣ್ಣು. ಮೊಲದ ಒಂದೊಂದು ರೋಮವೂ ಬಿಡಿಯಾಗಿ ಕಾಣುತ್ತಿತ್ತು. ಸತ್ತದ್ದನ್ನು ಇಷ್ಟು ಚೆಂದವಾಗಿ ಬರೆಯಬಹುದೆಂದು ನನಗೆ ಗೊತ್ತಿರಲಿಲ್ಲ. ನಾನೂ ಬರೆಯಬೇಕೆಂಬ ಹುಚ್ಚು ಹತ್ತಿತು.

ಒಂದು ಮೊಲ ಬೇಕೆಂದು ಟೇಕಲ್ ಬೆಟ್ಟದಲ್ಲಿ ಬಲೆ ಹಾಕುವವನೊಬ್ಬನಿಗೆ ಹೇಳಿಕಳಿಸಿದೆ. ಒಂದು ಭಾನುವಾರ ಬೆಳಿಗ್ಗೆ ಗೋಣಿಚೀಲ ಹೊತ್ತು ಬಂದ. ಚೀಲ ಅಲುಗಾಡುತ್ತಿತ್ತು.

"ಸತ್ತಿದ್ದು ಬೇಕು ಅಂದಿದ್ನಲ್ಲಪ್ಪ," ಎಂದೆ.

"ಅದಕ್ಕೇನು ಸಾಮೀ, ನೀವು ಊಂ ಅನ್ನಿ."

ಊಂ ಎಂದು ಗೋಡೆಯ ಕಡೆ ತಿರುಗಿ ನಿಂತೆ.

ಪಡಸಾಲೆಯ ಗೂಟಕ್ಕೆ ಅದನ್ನು ತೂಗುಹಾಕಿ ಮಧ್ಯಾಹ್ನದವರೆಗೆ ಬರೆದೆ. ಹೊಟ್ಟೆಯ ಬಿಳಿ ತುಪ್ಪಳದ ಮೇಲೆ ಒದ್ದೆ ಹೊಳಪೊಂದಿತ್ತು. ಅದನ್ನು ಬಣ್ಣದಲ್ಲಿ ತರಲು ಹೆಣಗುತ್ತಿದ್ದಾಗ, ಮೂರು ತಿಂಗಳ ಮಗುವನ್ನೆತ್ತಿಕೊಂಡು ಹಿಂದೆ ನಿಂತಿದ್ದ ನನ್ನ ಹೆಂಡತಿ ಹತ್ತಿರ ಹೋಗಿ ಬೆರಳಿಂದ ಮುಟ್ಟಿದಳು.

"ಇದು ಹಾಲು ಕಣ್ರೀ. ಎಲ್ಲೋ ಮರಿಗಳಿದಾವೆ. ಎದ್ದು ಹೋಗಿ, ಹುಡುಕ್ಕೊಂಡು ಬನ್ನಿ."

ಸಿಕ್ಕ ರೈಲು ಹತ್ತಿ ಟೇಕಲ್‌ಗೆ ಹೋದೆ. ಬಲೆಯವನ ಜೊತೆ ಬೆಟ್ಟದ ಬುಡದ ಪೊದೆಗಳನ್ನೆಲ್ಲ ಸರಿಸಿ ನೋಡಿದೆ. ಕೈಯೆಲ್ಲ ಮುಳ್ಳು ಗೀರಿತು. ಹೊತ್ತು ಇಳಿಯುವಾಗ ಬಂಡೆಯ ಮಗ್ಗುಲಿನ ಹುಲ್ಲಿನಲ್ಲಿ ಎರಡು ಮರಿ ಸಿಕ್ಕವು. ಒಂದು ಆಗಲೇ ತಣ್ಣಗಾಗಿತ್ತು. ಇನ್ನೊಂದನ್ನು ಟವೆಲಿನಲ್ಲಿ ಸುತ್ತಿ ತಂದೆ.

ಹೆಂಡತಿ ಅರಳೆಯ ಬತ್ತಿಯನ್ನು ಮೇಕೆ ಹಾಲಿನಲ್ಲಿ ಅದ್ದಿ ಅದರ ಬಾಯಿಗಿಟ್ಟಳು. ಮೂರು ದಿನ ಚೀಪಿತು. ನಾಲ್ಕನೆಯ ದಿನ ಬಾಯಿ ತೆರೆಯಲಿಲ್ಲ. ಹಿತ್ತಲಿನಲ್ಲಿ ಗುಂಡಿಯನ್ನು ಅವಳೇ ತೋಡಿದಳು. ನಾನು ಗುದ್ದಲಿಗೆ ಕೈ ಚಾಚಿದರೆ ಕೊಡಲಿಲ್ಲ.

ಆದರೂ ಚಿತ್ರವನ್ನು ಮುಗಿಸಿದೆ. ಅದುವರೆಗೆ ನಾನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು, ಅದು ನನಗೆ ಗೊತ್ತಿತ್ತು. "ಅದನ್ನ ಈ ಮನೇಲಿ ಇಡಬೇಡಿ," ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಶಾಲೆಗೆ ಕೊಟ್ಟೆ. ಹೆಡ್ಮಾಸ್ಟರು ಬಹಳ ಮೆಚ್ಚಿ ತಮ್ಮ ಕೋಣೆಯಲ್ಲಿ ತೂಗುಹಾಕಿಸಿದರು. ಹಾಜರಿ ಪುಸ್ತಕ ಇರುತ್ತಿದ್ದದ್ದು ಸರಿಯಾಗಿ ಅದರ ಕೆಳಗೆ. ಮಾಲೂರಿನಲ್ಲಿ ಇದ್ದಷ್ಟು ವರ್ಷವೂ ದಿನಾ ಬೆಳಿಗ್ಗೆ ತಲೆ ತಗ್ಗಿಸಿಕೊಂಡೇ ಹೋಗಿ ರುಜು ಹಾಕಿ ಬರುತ್ತಿದ್ದೆ.