ಬದುಕಿದ್ದವನ ಕೀಲಿ ರದ್ದಾದದ್ದು

ಯಾರೂ ಏನೂ ಕದಿಯಲಿಲ್ಲ. ನಮ್ಮ ಬಣ್ಣದ ಮೇಸ್ತ್ರಿ ವಿರೂಪಾಕ್ಷಿಪುರದ ಬಸ್ಸಿನಲ್ಲಿ ಫೋನು ಮರೆತು ಇಳಿದ, ಅಷ್ಟೆ.

ಅವನು ಚನ್ನಪಟ್ಟಣದಲ್ಲಿ ಬೊಂಬೆಗಳಿಗೆ ಅರಗಿನ ಬಣ್ಣ ಹಾಕುವವನು. ಮಾತಿಗೆ ಮೊದಲು ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಏನೇ ಆದರೂ "ಮೊದ್ಲು ಕೆಲ್ಸ, ಆಮೇಕೆ ಅಳು" ಅನ್ನುತ್ತಿದ್ದ.

ನಮ್ಮ ಗುಂಪಿಗೆ ಯಜಮಾನ ಅಂತ ಯಾರೂ ಇಲ್ಲ. ಐದು ಜನರ ಫೋನಿನಲ್ಲಿ ಐದು ಡಿಜಿಟಲ್ ಕೀಲಿಗಳು. ಯಾರು ಒತ್ತಿದರೂ ಬೊಂಬೆಯ ಚೀಟಿಗೆ ನಮ್ಮೆಲ್ಲರ ಅಸಲಿ ಮುದ್ರೆ ಬೀಳುತ್ತದೆ. ಕೊಳ್ಳುವವರು ಅದನ್ನೇ ನಂಬುತ್ತಾರೆ. ಒಂದು ಕೀಲಿ ರದ್ದಾಗಬೇಕಾದರೆ, ಇಲ್ಲವೇ ಹೊಸದು ಸೇರಬೇಕಾದರೆ ಮಾತ್ರ ಮೂವರು ಒಪ್ಪಬೇಕು. ಆ ಫೋನು ಪ್ಲಾಸ್ಟಿಕ್ ಬೊಂಬೆ ಮಾರುವವರ ಕೈಗೆ ಸಿಕ್ಕಿದರೆ ನಮ್ಮ ಹೆಸರು ಮುಗಿದಂತೆ.

ಆದರೂ ಕೀಲಿ ರದ್ದಾದರೆ ಗುಂಪಿನ ಪಟ್ಟಿಯಿಂದ ಅವನ ಹೆಸರೂ ಅಳಿಯುತ್ತದೆ; ನಮ್ಮ ಬೆರಳು ಏಳಲಿಲ್ಲ. "ಹೆಸ್ರು ತೆಗ್ಯೋದು ಸತ್ತೋರ್ದು ಕಣಕ್ಕ. ಒಸಿ ಹುಡುಕಾನ, ಸಿಕ್ಕುದ್ರೂ ಸಿಗ್ತದೆ" ಎಂದಳು ನಮ್ಮ ಗುಂಪಿನ ಬೊಂಬೆ ಕಡೆಯುವವಳು.

ಮೇಸ್ತ್ರಿ ಬೆರಳು ಒರೆಸಿಕೊಂಡು ನನ್ನ ಮುಂದೆ ಕುಳಿತ. "ಒತ್ತವ್ವ. ನಾನೇನು ಸಾಯಕಿಲ್ಲ. ಸತ್ರೆ ನಿಮ್ಮನೇಗೇ ಬಂದು ಕಾಟ ಕೊಡ್ತೀನಿ."

"ಈಗ್ಲೂ ಅದ್ನೇ ಮಾಡ್ತಿದ್ದೀಯಲ್ಲ" ಎಂದು ಒತ್ತಿದೆ. ಬೇಕಾಗಿದ್ದ ಇನ್ನಿಬ್ಬರೂ ಒತ್ತಿದರು.

ಸಂಜೆ ಕಂಡಕ್ಟರ್ ಫೋನು ತಂದುಕೊಟ್ಟ. ಅದರಿಂದ ಒಂದು ಕಳ್ಳ ಮುದ್ರೆಯೂ ಬಿದ್ದಿರಲಿಲ್ಲ. ಮೇಸ್ತ್ರಿ ಹೊಸ್ತಿಲಲ್ಲೇ ಕುಳಿತು ಎರಡು ಚೊಂಬು ನೀರು ಕುಡಿದ.

"ಸಿಕ್ತಲ್ಲ, ಹಳೇ ಕೀಲಿಗೇ ಜೀವ ಕೊಡಾನ" ಎಂದಳು ಕಡೆಯುವವಳು.

"ಅದು ಹೋಯ್ತು ಬುಡವ್ವ" ಎಂದ ಅವನು. ರದ್ದಾದ ಕೀಲಿ ಮತ್ತೆ ಏಳುವುದಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ಕುರಿಗಳನ್ನು ಮೇಯಲು ಬಿಡುವುದಕ್ಕೂ ಮೊದಲು ಅವನ ಮನೆಗೆ ಹೋಗಿ, ಅವನ ಹೊಸ ಕೀಲಿಗೆ ಮೊದಲ ಒಪ್ಪಿಗೆ ಒತ್ತಿ ಬಂದೆ.