ಇಲ್ಲದ ಎಂಟನೇ ಕ್ಲಾಸು

ಮೊನ್ನೆ ತಾರಸಿಯ ಮೇಲೆ ತೊಂಡೆ ಬಳ್ಳಿ ಸವರುತ್ತಿದ್ದೆ. ಎಲೆಯ ಹಸಿರು ರಸ ಅಂಗೈಗೆ ಹತ್ತಿ, ಅದರ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಶಾಲೆಯ ಕರಿಹಲಗೆ ಕಣ್ಣಿಗೆ ಕಟ್ಟಿತು. ಕತ್ತರಿ ಕೆಳಗಿಟ್ಟು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಪ್ರತಿ ಶನಿವಾರ ಇದೇ ಎಲೆಗೆ ಇದ್ದಿಲು ಸೇರಿಸಿ ಅರೆದು ನಾವು ಹುಡುಗಿಯರು ಕರಿಹಲಗೆಗೆ ಬಳಿಯುತ್ತಿದ್ದೆವು. ಶಾಲೆಯ ನೆನಪೆಂದರೆ ಬೇರೆಯವರಿಗೆ ಸಂತೋಷವಂತೆ. ನನಗೆ ಮೊದಲು ನೆನಪಾಗುವುದು ಭಯ, ಆಮೇಲೆ ನಮ್ಮ ಮಿಸ್ಸು.

ಎಪ್ಪತ್ತರ ದಶಕದ ಬೆಂಗಳೂರಿನ ವಿಜಯನಗರ ಅದು. ಅಡ್ಡರಸ್ತೆಗಳಿಗೆ ನಂಬರು ಬಂದಿತ್ತು, ರಸ್ತೆ ಇನ್ನೂ ಬಂದಿರಲಿಲ್ಲ. ಯಾವಾಗ ನೋಡಿದರೂ ಎಲ್ಲೋ ಒಂದು ಗೃಹಪ್ರವೇಶ. ಸಂಸಾರಗಳು ಬಂದವು, ಮಕ್ಕಳು ಬಂದರು, ಶಾಲೆ ಮಾತ್ರ ಬರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಮಿಸ್ಸು ತಮ್ಮ ಮನೆಯ ಹಾಲಿನಲ್ಲೇ ಶಾಲೆ ನಡೆಸುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಏಳನೇ ಕ್ಲಾಸಿನವರೆಗೆ ಸರ್ಕಾರದ ಅನುಮತಿಯಿತ್ತು. ಮುಂದೆ ಓದಬೇಕೆಂದರೆ ಮಾಗಡಿ ರಸ್ತೆ ದಾಟಿ ರಾಜಾಜಿನಗರಕ್ಕೆ ನಡೆಯಬೇಕು. ಹುಡುಗರು ಹೋಗುತ್ತಿದ್ದರು. ನಮ್ಮ ಬೀದಿಯ ಹುಡುಗಿಯರನ್ನು ಯಾರೂ ಕಳಿಸುತ್ತಿರಲಿಲ್ಲ. ದಾರಿಯುದ್ದಕ್ಕೂ ಕಲ್ಲು ತೆಗೆದ ಗುಂಡಿಗಳು, ಆಳೆತ್ತರದ ಲಂಟಾನ ಪೊದೆ. ಆ ಪೊದೆಗಳ ಹತ್ತಿರ ಒಬ್ಬ ಹುಡುಗಿಗೆ ಏನೋ ಆಯಿತಂತೆ... ಏನಾಯಿತೆಂದು ದೊಡ್ಡವರು ಹೇಳುತ್ತಿರಲಿಲ್ಲ. ನಾವು ಒಳಗೆ ಬಂದರೆ ಮಾತು ನಿಲ್ಲಿಸುತ್ತಿದ್ದರು. ಹೇಳದೆ ಬಿಟ್ಟದ್ದಕ್ಕೇ ನನಗೆ ಇನ್ನಷ್ಟು ಹೆದರಿಕೆ.

ಅಪ್ಪ ಮಿಲ್ಲಿನಲ್ಲಿ ಗುಮಾಸ್ತರು. ಹತ್ತಿರದಲ್ಲಿ ಹೈಸ್ಕೂಲಿದ್ದರೆ ಮಗಳು ಓದಲಿ, ಇಲ್ಲದಿದ್ದರೆ ಮಾಗಡಿ ಕಡೆಯ ಸೋದರಮಾವನಿಗೆ ಕೊಟ್ಟು ಮದುವೆ ಮಾಡುವುದು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಮಾವ ಕೆಟ್ಟವನೇನಲ್ಲ. ಆದರೆ ನನಗಿಂತ ಬಹಳ ದೊಡ್ಡವನು, ಮೀಸೆಗೆ ಎಣ್ಣೆ ಹಚ್ಚುತ್ತಿದ್ದ. ಮನೆಗೆ ಬಂದವನೇ "ಏನ್ ಕಣೇ, ದೊಡ್ಡೋಳಾಗ್ಬಿಟ್ಟೆ" ಎನ್ನುತ್ತಿದ್ದ. ನಾನು ಓಡಿಹೋಗಿ ಬಚ್ಚಲುಮನೆಯ ಚಿಲಕ ಹಾಕಿಕೊಳ್ಳುತ್ತಿದ್ದೆ.

ನಾನು ಏಳು ಮುಗಿಸಿದ ವರ್ಷವೇ ಮಿಸ್ಸು ಎಂಟನೇ ಕ್ಲಾಸು ತೆರೆಯಲು ಹೊರಟರು. ಇನ್‌ಸ್ಪೆಕ್ಟರು ಬಂದು ನೋಡಿ ಒಪ್ಪಬೇಕು, ಕ್ಲಾಸಿನಲ್ಲಿ ಸಾಕಷ್ಟು ಮಕ್ಕಳಿರಬೇಕು. ನಾವಿದ್ದದ್ದು ಬೆರಳೆಣಿಕೆಯಷ್ಟು ಹುಡುಗಿಯರು. ಅಂಥ ಮನೆಶಾಲೆಗಳವರಿಗೆಲ್ಲ ಗೊತ್ತಿದ್ದ ಉಪಾಯವೆಂದರೆ, ಆ ಒಂದು ದಿನದ ಮಟ್ಟಿಗೆ ಮಕ್ಕಳನ್ನು ಕಡ ತರುವುದು. ಮಿಸ್ಸು ಮನೆಮನೆಗೆ ಹೋಗಿ, ಓದು ಬಿಟ್ಟು ಕೂತಿದ್ದ ಹುಡುಗಿಯರನ್ನೆಲ್ಲ ಕೇಳಿಕೊಂಡು ಬಂದರು. ಆಷಾಢವಾದ್ದರಿಂದ ಹೊಸ ಮದುವಣಗಿತ್ತಿಯೊಬ್ಬಳು ಪಕ್ಕದ ಹೊಸಹಳ್ಳಿಯ ತವರಿಗೆ ಬಂದಿದ್ದಳು. ನನಗಿಂತ ಒಂದು ಕ್ಲಾಸು ಮುಂದಿದ್ದವಳು, ನಮ್ಮ ಶಾಲೆಯವಳೇ. ಅವಳನ್ನೂ ಕರೆತಂದು ನನ್ನ ಪಕ್ಕ ಕೂರಿಸಿದರು. ತಾಳಿಯನ್ನು ರವಿಕೆಯೊಳಗೆ ಸೇರಿಸಿ, ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿದ್ದರು. ಕಾಲುಂಗುರ ತೆಗೆಯಲು ಮಾತ್ರ ಅವಳ ತಾಯಿ ಸುತರಾಂ ಒಪ್ಪಿರಲಿಲ್ಲ.

"ಕಾಲು ಲಂಗದೊಳಗೆ ಇಟ್ಕೊಂಡು ಕೂತ್ಕೊಳೇ, ಏಳ್ಬೇಡ" ಎಂದು ಮಿಸ್ಸು ಹೇಳಿಕೊಟ್ಟಿದ್ದರು.

ಇನ್‌ಸ್ಪೆಕ್ಟರು ಒಳಗೆ ಬಂದರೆ ಎಲ್ಲರೂ ಎದ್ದು ನಿಲ್ಲಬೇಕಾಗುತ್ತದೆ ಎಂಬುದು ಅಷ್ಟು ಓದಿದ ಮಿಸ್ಸಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಅವರು ಬಂದರು. ನಾವೆಲ್ಲ ಎದ್ದು "ನಮಸ್ಕಾರ ಸಾರ್" ಎಂದೆವು. ಅವಳೂ ಅಭ್ಯಾಸಬಲದಿಂದ ಎದ್ದಳು. ಕೆಂಪು ನೆಲದ ಮೇಲೆ ಬೆಳ್ಳಿಯ ಕಾಲುಂಗುರ ಟಿಣ್ಣೆಂದಿತು. ಇನ್‌ಸ್ಪೆಕ್ಟರು ಅವಳ ಕಾಲು ನೋಡಿದರು, ಆಮೇಲೆ ಮುಖ.

"ಯಾವ ಕ್ಲಾಸಮ್ಮ ನೀನು?"

"ಎಂಟು ಸಾರ್."

"ನಾಳೆನೂ ಬರ್ತೀಯಾ?"

ಅವಳು ನನ್ನ ಕೈ ಹಿಡಿದುಕೊಂಡಳು. ಈ ವರ್ಷ ಇವಳು, ಬರುವ ಆಷಾಢಕ್ಕೆ ನಾನು... ಅದೊಂದೇ ನನ್ನ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು.

"ಬರಲ್ಲ ಸಾರ್" ಎಂದರು ಮಿಸ್ಸು. "ಆ ಮಗೂನ ಏನೂ ಕೇಳ್ಬೇಡಿ. ನಾನೇ ಕರ್ಕೊಂಡ್ಬಂದಿದ್ದು."

ಇನ್‌ಸ್ಪೆಕ್ಟರು ಗದರಲಿಲ್ಲ. ಗದರಿದ್ದರೆ ಎಷ್ಟೋ ವಾಸಿಯಿತ್ತು. "ಎಂಟನೇ ಕ್ಲಾಸು ಆಗಲ್ಲಮ್ಮ. ಅನುಮತಿ ಇಲ್ದೆ ನಡೆಸಿದ್ರೆ ಇರೋ ಶಾಲೇನೂ ಮುಚ್ಚಿಸ್ಬೇಕಾಗುತ್ತೆ" ಎಂದು ಮೆಲ್ಲಗೆ ಹೇಳಿ, ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಅಂದು ಸಂಜೆ ಮಿಸ್ಸು ನಮ್ಮ ಮನೆಗೆ ಬಂದರು. ನಾನು ನಡುಮನೆಯ ಬಾಗಿಲ ಹಿಂದೆ ನಿಂತೆ. ಇನ್ನು ಮಾವನ ಮನೆಯೇ ಗತಿ ಎಂದುಕೊಂಡೆ.

"ಏನ್ ಟೀಚರಮ್ಮ, ಪರ್ಮಿಷನ್ ಸಿಕ್ತಾ?" ಅಪ್ಪ ಕೇಳಿದರು.

"ಸಿಕ್ತು. ನಾಳೆಯಿಂದ ಕಳ್ಸಿ" ಎಂದರು ಮಿಸ್ಸು.

ಬೆಳಗ್ಗೆಯಷ್ಟೇ ಸರ್ಕಾರದವರ ಎದುರು ಸುಳ್ಳು ಹೇಳಲಾರದೆ ಹೋದವರು, ನಮ್ಮಪ್ಪನ ಎದುರು ರೆಪ್ಪೆ ಮಿಟುಕಿಸದೆ ಹೇಳಿದರು. ನನಗೆ ಸಂತೋಷವಾಗಬೇಕಿತ್ತು. ಆದರೆ ಆದದ್ದು ಹೆದರಿಕೆ. ಆ ಗುಟ್ಟಿನಲ್ಲಿ ಈಗ ನಾನೂ ಪಾಲುದಾರಳು.

ಹೀಗೆ ನಮ್ಮ ಇಲ್ಲದ ಎಂಟನೇ ಕ್ಲಾಸು ಶುರುವಾಯಿತು. ಆಮೇಲೆ ಇಲ್ಲದ ಒಂಬತ್ತು, ಇಲ್ಲದ ಹತ್ತು. ಕ್ಲಾಸು ಹಾಲಿನಲ್ಲಲ್ಲ, ಅಡುಗೆಮನೆಯಲ್ಲಿ. ಪ್ರತಿಯೊಬ್ಬಳ ಮುಂದೂ ಒಂದು ಮೊರ, ಮೊರದಲ್ಲಿ ಅಕ್ಕಿ, ಮೊರದ ಕೆಳಗೆ ಬೀಜಗಣಿತ. ಬೀದಿಯಲ್ಲಿ ಗುರುತಿಲ್ಲದ ಗಾಡಿಯ ಸದ್ದಾದರೆ ಸಾಕು, ಪುಸ್ತಕ ಮುಚ್ಚಿ ಅಕ್ಕಿ ಆರಿಸತೊಡಗುತ್ತಿದ್ದೆವು. ಒಂದು ಸಲ ನಿಜವಾಗಿಯೂ ಜೀಪು ಬಂದು ಮನೆಯೆದುರೇ ನಿಂತಿತು. ಮಿಸ್ಸು ಒಲೆಯ ಹತ್ತಿರ ಹೋಗಿ ಖಾಲಿ ಪಾತ್ರೆಯಲ್ಲಿ ಸೌಟು ಆಡಿಸುತ್ತ ನಿಂತುಬಿಟ್ಟರು. ಜೀಪಿನವರು ಸೈಟು ಅಳೆಯಲು ಬಂದವರಂತೆ, ಹೊರಟುಹೋದರು. ಸೌಟು ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ. ಮೂರು ವರ್ಷವೂ ನಾನು ಹೆದರಿಕೊಂಡೇ ಓದಿದೆ. ಬೀಜಗಣಿತ ಅಷ್ಟು ಚೆನ್ನಾಗಿ ತಲೆಗೆ ಹತ್ತಿದ್ದು ಆ ಹೆದರಿಕೆಗೋ ಏನೋ...

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮಿಸ್ಸು ನಮ್ಮನ್ನು ಖಾಸಗಿಯಾಗಿ, ಅಂದರೆ ಯಾವ ಶಾಲೆಗೂ ಸೇರದವರೆಂದು, ಕಟ್ಟಿಸಿದ್ದರು. ರಾಜಾಜಿನಗರದ ಒಂದು ಶಾಲೆಯಲ್ಲಿ ಪರೀಕ್ಷೆ. ಮೊದಲ ದಿನ ಅಪ್ಪನೂ ಜೊತೆಗೆ ಬಂದರು. ಅಲ್ಲಿ ನೋಡಿದರೆ ಮೀಸೆ ಬಂದ ಗಂಡಸರು, ಕಾರ್ಖಾನೆಯ ಖಾಕಿ ಹಾಕಿಕೊಂಡವರು, ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಂಗಸು.

"ಇವ್ರೆಲ್ಲ ಯಾವ ಸ್ಕೂಲಿನೋರು?" ಅಪ್ಪ ಹುಬ್ಬು ಗಂಟಿಕ್ಕಿದರು.

"ಬೆಲ್ ಆಗುತ್ತೆ, ನೀನು ಒಳಗೆ ಹೋಗೇ" ಎಂದು ಮಿಸ್ಸು ನನ್ನ ಬೆನ್ನು ತಳ್ಳಿದರು. ನಾನು ಕೋಣೆಯೊಳಗೆ ಹೋಗಿ, ಪ್ರಶ್ನೆಪತ್ರಿಕೆ ಕೈಗೆ ಬಂದಮೇಲೆಯೇ ಅವರು ಅಪ್ಪನಿಗೆ ಎಲ್ಲವನ್ನೂ ಹೇಳಿದ್ದು. ಹೊರಗೆ ಬಂದಾಗ ಇಬ್ಬರೂ ದೂರದೂರ ನಿಂತಿದ್ದರು. ಅಪ್ಪ ಮಾಗಡಿ ರಸ್ತೆಯವರೆಗೂ ಬಿರಬಿರನೆ ನಡೆದರು. ಆಮೇಲೆ, "ನಿಂಗೂ ಗೊತ್ತಿತ್ತಾ?" ಎಂದಷ್ಟೇ ಕೇಳಿದರು. ತಲೆಯಾಡಿಸಿದೆ. ನಾಳೆಯ ಪರೀಕ್ಷೆಗೆ ಕಳಿಸುತ್ತಾರೋ ಇಲ್ಲವೋ ಎಂದು ನನಗೆ ಅನ್ನ ಸೇರಲಿಲ್ಲ. ಮರುದಿನ ಅವರೇ ಚಪ್ಪಲಿ ಮೆಟ್ಟಿ ಮುಂದೆ ನಡೆದರು.

ನಾನು ಪಾಸಾದೆ. ಅಪ್ಪ ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿದರು, ಮಿಸ್ಸಿನ ಮನೆಯೊಂದನ್ನು ಬಿಟ್ಟು. ನನ್ನನ್ನು ಕಾಲೇಜಿಗೂ ಸೇರಿಸಿದರು. ಆದರೆ ಆ ಶಾಲೆಯದು ಮೋಸ ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ಬಂದವರೂ ಅವರೇ. ಚಿಕ್ಕ ಮಕ್ಕಳನ್ನೂ ಜನ ಒಬ್ಬೊಬ್ಬರಾಗಿ ಬಿಡಿಸಿಕೊಂಡರು. ನಾನು ಕಾಲೇಜಿನಿಂದ ಬಂದ ಒಂದು ಸಂಜೆ ಆ ಮನೆಗೆ ಬೀಗ ಬಿದ್ದಿತ್ತು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಒಂದು ವಿಷಯಕ್ಕೆ ಅವರ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಈಗ ನಮ್ಮ ಕಡೆ ಒಂದು ಅಡ್ಡರಸ್ತೆಗೆ ಎರಡು ಸ್ಕೂಲು, ಬಸ್ಸು ಬಾಗಿಲಿಗೇ ಬರುತ್ತದೆ. ಮೊಮ್ಮಗಳನ್ನು ಯಾವುದಕ್ಕೆ ಸೇರಿಸುವುದೆಂದು ಸೊಸೆಗೆ ತಲೆನೋವು. ತೊಂಡೆ ಬಳ್ಳಿ ಸವರಿದ ಮರುದಿನವೇ ನಾನು ವಿಚಾರಿಸಿಕೊಂಡು ಕೆಂಗೇರಿಗೆ ಹೋದೆ. ಮಿಸ್ಸು ಅಲ್ಲಿ ತಮ್ಮನ ಮನೆಯಲ್ಲಿದ್ದರಂತೆ, ತೀರಿಕೊಂಡೇ ಬಹಳ ವರ್ಷಗಳಾದವಂತೆ. ತಮ್ಮನ ಸೊಸೆ ಅವರ ಆ ಕಾಲದ ಒಂದು ಫೋಟೋ ತೋರಿಸಿದಳು. ಆಗ ಮುದುಕಿ ಎಂದುಕೊಂಡಿದ್ದವರು, ನನ್ನ ಸೊಸೆಗಿಂತ ಚಿಕ್ಕವರು... ಅಷ್ಟು ಚಿಕ್ಕ ವಯಸ್ಸಿನಲ್ಲಿ, ಆ ಮನೆಯಲ್ಲಿ, ನನಗೆ ಭಯವಾಗುತ್ತಿದೆ ಎಂದು ಹೇಳಿಕೊಳ್ಳಲು ಅವರಿಗೆ ಯಾರಿದ್ದರು?

"ಅತ್ತೆ ಸ್ಕೂಲ್ ನಡೆಸ್ತಿದ್ರಾ? ನಮ್ಮತ್ರ ಯಾವತ್ತೂ ಹೇಳ್ಲೇ ಇಲ್ಲ ಆಂಟಿ" ಎಂದಳು ಆ ಹುಡುಗಿ.

"ಎಂಟು, ಒಂಬತ್ತು, ಹತ್ತು, ಮೂರೂ ನಾನು ಅವರ ಹತ್ರಾನೇ ಓದಿದ್ದು" ಎಂದೆ. ಹೊರಗಿನವರ ಎದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದವಳೇ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ನೋಡಿದೆ.