ವರ್ಲಿನ್ ಐದಕ್ಕೆ ಐದು ಕೊಟ್ಟದ್ದು

ವರ್ಲಿನ್ ಬ್ರುಸ್ವೀನ್ ಮತ್ತು ನಾನು ಇಪ್ಪತ್ತಾರು ವರ್ಷ ಅಕ್ಕಪಕ್ಕ ನಿಂತು ಕೆಲಸ ಮಾಡಿದೆವು. ವಿಸ್ಕಾನ್ಸಿನ್‌ನ ನಮ್ಮೂರಿನ ಫ್ಯಾಕ್ಟರಿಯಲ್ಲಿ ಅಂಗಳದ ಹಿಮ ತೂರುವ ಯಂತ್ರ ತಯಾರಾಗುತ್ತದೆ. ವರ್ಲಿನ್ ಗೇರ್ ಕೂರಿಸುತ್ತಿದ್ದ, ನಾನು ಬೋಲ್ಟು ಬಿಗಿಯುತ್ತಿದ್ದೆ. ಅವನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ ಎಂದು ಅವನೇ ಹೇಳುತ್ತಾನೆ. ಆದರೂ ಒಂದು ವಾರದ ಸಂಗತಿ ಬರೆಯಬೇಕು.

ವರ್ಲಿನ್ ಯಾರನ್ನೂ ಹೊಗಳುವುದಿಲ್ಲ. ಅವನ ಬಾಯಲ್ಲಿ ಬರುವ ಅತಿ ದೊಡ್ಡ ಮಾತು ‘ಪರವಾಗಿಲ್ಲ’. ಮದುವೆಯ ದಿನ ಆರ್ಡಿಸ್ ಬಿಳಿ ಉಡುಪಿನಲ್ಲಿ ಚರ್ಚಿನೊಳಗೆ ನಡೆದು ಬರುವಾಗ ಅವನ ಅಣ್ಣ ಕಿವಿಯಲ್ಲಿ “ಹೇಗಿದಾಳೋ?” ಎಂದು ಕೇಳಿದ. “ಪರವಾಗಿಲ್ಲ” ಅಂದ ವರ್ಲಿನ್. ಕಣ್ಣಲ್ಲಿ ನೀರಿತ್ತು. ಮಗು ಹುಟ್ಟಿದಾಗ ಆಸ್ಪತ್ರೆಯಿಂದ ನನಗೆ ಫೋನ್ ಮಾಡಿ, “ಬಂತು. ಪರವಾಗಿಲ್ಲ” ಎಂದು ಇಟ್ಟುಬಿಟ್ಟ. ಅದು ಹೆಣ್ಣು ಎಂದು ನನಗೆ ಗೊತ್ತಾದದ್ದು ಮಾರನೆಯ ದಿನ.

ಇದು ಅವನೊಬ್ಬನ ಗುಣ ಅಲ್ಲ, ನಮ್ಮೂರೇ ಹಾಗೆ. ಊಟದ ಕೋಣೆಯಲ್ಲಿ ಯಾರಾದರೂ ಡೋನಟ್ ತಂದಿಟ್ಟರೆ ಕೊನೆಯದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಒಬ್ಬ ಅದರಲ್ಲಿ ಅರ್ಧ ಕತ್ತರಿಸುತ್ತಾನೆ. ಇನ್ನೊಬ್ಬ ಉಳಿದದ್ದರಲ್ಲಿ ಅರ್ಧ. ಕೆಲಸ ಮುಗಿಯುವ ಹೊತ್ತಿಗೆ ಉಗುರಿನಷ್ಟು ಚೂರು ಇರುತ್ತದೆ, ಅದರ ಪಕ್ಕದಲ್ಲಿ ಚಾಕು.

ನಾವು ಯಂತ್ರ ಜೋಡಿಸುವ ನಾಲ್ಕನೇ ಸಾಲಿನ ಸೂಪರ್‌ವೈಸರ್ ಪಾ ಹೂವಾ ಶಿಯೋಂಗ್. ಏಷ್ಯಾದ ಬೆಟ್ಟಗಾಡಿನ ಮೊಂಗ್ ಜನ. ಮೂರು ವರ್ಷದವಳಿದ್ದಾಗ ನಿರಾಶ್ರಿತರ ಶಿಬಿರದಿಂದ ಅಪ್ಪ ಅಮ್ಮನ ಜೊತೆ ನಮ್ಮೂರಿಗೆ ಬಂದವಳು. ಹತ್ತೊಂಬತ್ತು ವರ್ಷ ಸಾಲಿನಲ್ಲಿ ನಿಂತು ಆ ಕೆಲಸಕ್ಕೆ ಏರಿದಳು. ವರ್ಲಿನ್‌ನ ಮೊಣಕಾಲು ನೋಯುವುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅವನು ನಿಲ್ಲುವ ಜಾಗದಲ್ಲಿ ದಪ್ಪ ರಬ್ಬರ್ ಚಾಪೆ ಇತ್ತು. ನನ್ನ ಹೆಂಡತಿಗೆ ಆಪರೇಷನ್ ಆದ ದಿನ ನನ್ನ ಯಂತ್ರದ ಮುಂದೆ ಎಂಟು ಗಂಟೆ ನಿಂತವಳು ಅವಳೇ. ಆ ಬಗ್ಗೆ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಕಂಪನಿಯ ದೊಡ್ಡ ಕಚೇರಿ ಜಾರ್ಜಿಯಾದಲ್ಲಿದೆ. ಅಲ್ಲಿ ಹಿಮವೇ ಬೀಳುವುದಿಲ್ಲ. ಅಲ್ಲಿಂದ ವರ್ಷಕ್ಕೊಮ್ಮೆ ಪ್ರಶ್ನೆಪತ್ರ ಬರುತ್ತದೆ. ನಲವತ್ತೆರಡು ಪ್ರಶ್ನೆ, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಐದು ಸೊನ್ನೆ, ಒಂದನ್ನು ಪೆನ್ಸಿಲಿನಿಂದ ಕಪ್ಪು ಮಾಡಬೇಕು. ಒಂದು ಅಂದರೆ ತೀರ ಕೆಟ್ಟದ್ದು, ಐದು ಅಂದರೆ ತುಂಬ ಒಳ್ಳೆಯದು. ಕೆಲಸದಲ್ಲಿ ನಿಮಗೆ ಮನಸ್ಸಿದೆಯೇ, ನಿಮ್ಮ ಸೂಪರ್‌ವೈಸರ್ ಹೇಗೆ, ನೀವು ಯಾವ ಜನ, ಊರಿಗಾಗಿ ಎಷ್ಟು ಗಂಟೆ ಸೇವೆ ಮಾಡಿದಿರಿ, ಹೀಗೆ.

ಆ ವರ್ಷವೂ ಊಟದ ಕೋಣೆಯಲ್ಲಿ ಕೂತು ಪೆನ್ಸಿಲ್ ಹಿಡಿದೆವು.

“ಐದು ಯಾರಿಗೋ ಕೊಡೋದು?” ಅಂದೆ.

“ದೇವರಿಗೆ” ಅಂದ ವರ್ಲಿನ್.

“ನಾಲ್ಕು?”

“ಪಾದ್ರಿಗಳಿಗೆ ಕೊಡ್ಬಹುದು. ಆದ್ರೆ ಅವರ ತಲೆ ತಿರುಗಿಬಿಡುತ್ತೆ.”

ಹೀಗಾಗಿ ಎಲ್ಲದಕ್ಕೂ ಮೂರು ಹಾಕಿದೆವು. ಪಾ ಹೂವಾಳ ಪ್ರಶ್ನೆ ಬಂದಾಗ ವರ್ಲಿನ್ ಸ್ವಲ್ಪ ಯೋಚಿಸಿ, ಮೂರರ ಸೊನ್ನೆಯನ್ನು ಒತ್ತಿ ಒತ್ತಿ ಕಪ್ಪು ಮಾಡಿದ. ಕಾಗದದ ಹಿಂಬದಿಗೂ ಮೂಡಿತು.

‘ಇಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಗುಂಪಿಗೆ ಸೇರಿದವರೇ’ ಎಂಬಲ್ಲಿ ಹೌದು ಎಂದು ಗುರುತು ಹಾಕಿದ.

“ನೀನು ಯಾವ ಗುಂಪೋ?” ಅಂದೆ.

“ಇಡೀ ಫ್ಯಾಕ್ಟರೀಲಿ ಪಕ್ಕದ ರಾಜ್ಯ ಮಿನೆಸೋಟಾದ ಫುಟ್‌ಬಾಲ್ ತಂಡದ ಕಡೆಯವನು ನಾನೊಬ್ಬನೇ. ಇನ್ನೂ ಎಷ್ಟು ಕಡಿಮೆ ಆಗ್ಬೇಕು?”

ಸೇವೆಯ ಗಂಟೆಗೆ ಸೊನ್ನೆ ಬರೆದ. ಅವನು ಚಳಿಗಾಲದಲ್ಲಿ ಕೆಲಸಕ್ಕೆ ಬರುವ ಮೊದಲು ಹನ್ನೊಂದು ಮನೆಯ ಹಿಮ ತೆಗೆಯುತ್ತಾನೆ. ಎಲ್ಲ ವಯಸ್ಸಾದವರ ಮನೆ. ಅದನ್ನು ನೆನಪಿಸಿದೆ.

“ಅದೇನು ಸೇವೇನಾ? ಎಲ್ಲಾ ದಾರೀಲೇ ಇರೋ ಮನೆ” ಅಂದ.

ಅವುಗಳಲ್ಲಿ ಎರಡು ಮನೆ ದಾರಿಯಲ್ಲಿಲ್ಲ. ನಾನೂ ಸೊನ್ನೆ ಬರೆದೆ. ನಾನು ಊರಿನ ಬೆಂಕಿ ನಂದಿಸುವ ದಳದಲ್ಲಿದ್ದೇನೆ, ಆದರೆ ಬೆಂಕಿ ಬಿದ್ದರೆ ಯಾರಾದರೂ ಹೋಗಲೇಬೇಕಲ್ಲ.

ಫೆಬ್ರವರಿಯ ಒಂದು ಸೋಮವಾರ ಜಾರ್ಜಿಯಾದಿಂದ ಸವಾನಾ ಪ್ರುವಿಟ್ ಎಂಬ ಹೆಂಗಸು ಬಂದಳು. ತೆಳು ಕೋಟು, ತೆಳು ಬೂಟು. ಎಲ್ಲರನ್ನೂ ಕೂರಿಸಿ ಗೋಡೆಯ ಮೇಲೆ ಚಿತ್ರ ತೋರಿಸಿದಳು. ಕಂಪನಿಯ ಹದಿನಾಲ್ಕು ಫ್ಯಾಕ್ಟರಿಗಳಲ್ಲಿ ನಮ್ಮದು ಕೊನೆ. ಅದರಲ್ಲೂ ನಾಲ್ಕನೇ ಸಾಲು ಕಟ್ಟಕಡೆ. ಇಡೀ ಫ್ಯಾಕ್ಟರಿಯ ಸೇವೆ ಒಟ್ಟು ಆರು ಗಂಟೆ. ಅದೂ ಶಿಕಾಗೋದಿಂದ ಹೊಸದಾಗಿ ಬಂದವನೊಬ್ಬ ರಕ್ತ ಕೊಟ್ಟಿದ್ದಕ್ಕೆ ಬರೆದುಕೊಂಡದ್ದು.

“ನೀವು ತುಂಬಾ ನೋವಲ್ಲಿದೀರಿ ಅಂತ ನಮಗೆ ಅರ್ಥ ಆಗಿದೆ” ಅಂದಳು ಸವಾನಾ. “ಸತತ ಎರಡು ವರ್ಷ ಸೂಪರ್‌ವೈಸರ್‌ಗೆ ಮೂರೂವರೆಗಿಂತ ಕಡಿಮೆ ಬಂದ್ರೆ ಅವರನ್ನ ಬದಲಾಯಿಸೋದು ನಿಯಮ. ನಾಲ್ಕನೇ ಸಾಲಿಗೆ ಶುಕ್ರವಾರದೊಳಗೆ ಒಳ್ಳೇ ಸುದ್ದಿ ಕೊಡ್ತೀನಿ.”

ಹಿಂದಿನ ವರ್ಷವೂ ಮೂರೇ ಬಂದಿತ್ತು. ಅದನ್ನು ತಿಳಿಸುವ ಪತ್ರ ಪಾ ಹೂವಾಗೆ ಬಂದಾಗ, ಮೂರು ತಾನೇ, ಒಳ್ಳೆಯದೇ ಆಯಿತು ಎಂದು ಡ್ರಾಯರಿನಲ್ಲಿ ಇಟ್ಟುಬಿಟ್ಟಿದ್ದಳು.

ವರ್ಲಿನ್‌ನ ಮುಖ ನೋಡಿದೆ. ಬಿಳಿಚಿಕೊಂಡಿತ್ತು.

ಮಂಗಳವಾರ ಸವಾನಾ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದಳು. ವರ್ಲಿನ್ ಹೋಗಿ ಬಂದು ತನ್ನ ಚಾಪೆಯ ಮೇಲೆ ನಿಂತ.

“ಏನಂದೆ?”

“ನಿಮ್ಮ ಸೂಪರ್‌ವೈಸರ್ ಹೇಗೆ ಅಂದ್ಲು. ಪರವಾಗಿಲ್ಲ ಅಂದೆ.”

“ಆಮೇಲೆ?”

“ಬಾಗಿಲು ಹಾಕಿ, ಹೆದರ್ಕೋಬೇಡಿ, ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲ ಅಂದ್ಲು.”

“ನೀನು?”

“ನಿಜವಾಗ್ಲೂ ಪರವಾಗಿಲ್ಲ ಅಂದೆ. ‘ಭಯ’ ಅಂತ ಬರ್ಕೊಂಡ್ಲು.”

ಅಂದು ಕೆಲಸ ಬಿಟ್ಟ ಮೇಲೆ ಗಾಡಿ ನಿಲ್ಲಿಸುವ ಜಾಗದಲ್ಲಿ ಅವನು ಪಾ ಹೂವಾಳ ಮುಂದೆ ಹೋಗಿ ಟೋಪಿ ತೆಗೆದ.

“ಮೂರು ಕೊಟ್ಟಿದ್ದು ನಾನು” ಅಂದ.

“ಗೊತ್ತು. ಕಾಗದ ಜೋಡಿಸುವಾಗ ಹಿಂಬದೀಲೇ ಕಾಣ್ತಿತ್ತು. ಅಷ್ಟು ಒತ್ತಿ ಬರೆಯೋರು ಇನ್ಯಾರಿದಾರೆ” ಅಂದಳು ಅವಳು. “ಬೇಜಾರಿಲ್ಲ ಕಣೋ. ನಿನ್ನ ಕೆಲಸದ ವರದೀಲಿ ನಾನೂ ನಿಂಗೆ ಪ್ರತಿ ವರ್ಷ ಮೂರೇ ಹಾಕಿರೋದು.”

“ಮೂರಾ?” ವರ್ಲಿನ್ ಕಿವಿ ಕೆಂಪಾಯಿತು. “ಅಷ್ಟೆಲ್ಲಾ ಯಾಕೆ ಹಾಕೋಕೆ ಹೋದೆ?”

“ಹೋಗ್ಲಿ ಬಿಡು. ಮತ್ತೆ ಬೋಲ್ಟು ಬಿಗೀತೀನಿ. ಅಭ್ಯಾಸ ಇದೆ.” ಹಾಗೆಂದು ಕೀಲಿಗಾಗಿ ಚೀಲದಲ್ಲಿ ಹುಡುಕಿದಳು. ಕೀಲಿ ಕೈಯಲ್ಲೇ ಇತ್ತು.

ಬುಧವಾರ ಬೆಳಿಗ್ಗೆ ವರ್ಲಿನ್‌ನ ಟ್ರಕ್ಕಿನಲ್ಲಿ ನಾವಿಬ್ಬರು ಬರುತ್ತಿದ್ದೆವು. ಸವಾನಾಳ ಬಾಡಿಗೆ ಕಾರು ಹಳ್ಳಕ್ಕೆ ಇಳಿದು ಹಿಮದಲ್ಲಿ ಹೂತಿತ್ತು. ವರ್ಲಿನ್ ಸರಪಳಿ ಹಾಕಿ ಎಳೆದ. ಮೇಲೆ ಬಂತು, ಆದರೆ ಚಕ್ರ ಸೊಟ್ಟಗಾಗಿತ್ತು. ಅವಳನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ನಡುಗುತ್ತಲೇ ಪುಸ್ತಕ ತೆಗೆದಳು.

“ಇದು ನಿಜವಾದ ಸೇವೆ. ಎಷ್ಟು ಗಂಟೆ ಅಂತ ಬರೀಲಿ?”

“ಬರೆಯೋಕೆ ಏನಿದೆ ಅಮ್ಮಾ. ನೀವು ದಾರೀಲೇ ಇದ್ರಿ.”

ಅವಳು ಅವನನ್ನು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ, “ನಿಮ್ಮ ಟ್ರಕ್ ಗಟ್ಟಿಯಾಗಿದೆ. ಹೇಗೆ ಓಡುತ್ತೆ?” ಅಂದಳು.

“ಪರವಾಗಿಲ್ಲ.”

“ಎಷ್ಟು ವರ್ಷದ್ದು?”

“ಇಪ್ಪತ್ತೆರಡು.”

ಮುಂದಿನ ಕನ್ನಡಿಯಲ್ಲಿ ಆರ್ಡಿಸ್‌ಳ ಸಣ್ಣ ಚಿತ್ರ ಅಂಟಿಸಿದ್ದ. “ನಿಮ್ಮ ಹೆಂಡತಿ?”

“ಹೂಂ. ಪರವಾಗಿಲ್ಲ.”

“ಎಷ್ಟು ವರ್ಷ ಆಯ್ತು ಮದುವೆ ಆಗಿ?”

“ಮೂವತ್ತೆಂಟು.”

ಸವಾನಾ ಪುಸ್ತಕ ಮುಚ್ಚಿದಳು. ಟ್ರಕ್ಕು ಸೇತುವೆ ದಾಟಿತು. ಆಮೇಲೆ, “ಅಯ್ಯೋ ದೇವರೇ, ಆ ಮೂರು ಅಂದ್ರೆ ಇದಾ” ಎಂದು ಮೆಲ್ಲಗೆ ಅಂದಳು.

ಆದರೆ ಅಂಕ ತಿದ್ದುವ ಅಧಿಕಾರ ಅವಳಿಗಿರಲಿಲ್ಲ. ಶುಕ್ರವಾರ ಇನ್ನೊಮ್ಮೆ ಪ್ರಶ್ನೆಪತ್ರ ತುಂಬಿಸಬಹುದು, ಅಷ್ಟೆ. “ಗುರುತು ನೀವೇ ಹಾಕ್ಬೇಕು ವರ್ಲಿನ್. ಐದು ಹಾಕೋಕೆ ಆಗುತ್ತಾ?”

“ಪ್ರಯತ್ನ ಮಾಡ್ತೀನಿ” ಅಂದ. ಮರ ಕಡಿಯಲು ಹೊರಟವನ ದನಿ ಅದು.

ಗುರುವಾರ ಮನೆಯಲ್ಲಿ ಅಭ್ಯಾಸ ಮಾಡಿದನಂತೆ. ಆರ್ಡಿಸ್ ಸೇಬಿನ ಪೈ ಇಟ್ಟಳು. ವರ್ಲಿನ್ ತಿಂದು, ಚಮಚ ಕೆಳಗಿಟ್ಟು, “ತುಂಬಾ ಚೆನ್ನಾಗಿದೆ” ಅಂದ. ಆರ್ಡಿಸ್ ಹಣೆ ಮುಟ್ಟಿ ನೋಡಿದಳು. ಆಮೇಲೆ ಮಗಳಿಗೆ ಫೋನ್ ಮಾಡಿ, “ನಿಮ್ಮಪ್ಪ ಡಾಕ್ಟರ್ ಹತ್ರ ಹೋಗಿ ಬಂದು ನಂಗೆ ಏನೋ ಮುಚ್ಚಿಡ್ತಿದಾನೆ” ಅಂದಳು. ಮಗಳು ಮೂವತ್ತು ಮೈಲಿ ಗಾಡಿ ಓಡಿಸಿಕೊಂಡು ಬಂದಳು. ಬಂದವಳೂ ಪೈ ತಿಂದು, ಪರವಾಗಿಲ್ಲ ಎಂದು ಹೋದಳು.

ಶುಕ್ರವಾರ ನಾಲ್ಕನೇ ಸಾಲಿನ ಹದಿನೇಳು ಜನ ಕೂತೆವು. ಪಾ ಹೂವಾ ಹೊರಗೆ ಇದ್ದಳು. ಅವಳ ಪ್ರಶ್ನೆ ಹನ್ನೆರಡನೆಯದು. ವರ್ಲಿನ್ ಪೆನ್ಸಿಲ್ ಐದರ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ. ಕತ್ತಿನ ಹಿಂದೆ ಬೆವರು. ಉಳಿದವರೆಲ್ಲ ಅವನನ್ನೇ ನೋಡುತ್ತಿದ್ದೆವು. ಕಣ್ಣು ಮುಚ್ಚಿ ಗುರುತು ಹಾಕಿದ. ಕಣ್ಣು ಬಿಟ್ಟಾಗ ಗುರುತು ಸೊನ್ನೆಯ ಹೊರಗೆ ಬಿದ್ದಿತ್ತು. ಅಳಿಸಿ, ಈ ಸಲ ನೋಡಿಕೊಂಡೇ ಹಾಕಿದ.

ಆಮೇಲೆ ನಾವೂ ಹಾಕಿದೆವು. ಹಾಕಿ ಆದ ಮೇಲೆ ಎಲ್ಲರಿಗೂ ಒಂಥರಾ ನಾಚಿಕೆ. ಅಷ್ಟು ಜಂಬ ಮಾಡಿದ್ದಕ್ಕೆ ಎಲ್ಲಾದರೂ ತಗ್ಗಿಸಬೇಕು ಅನಿಸಿತು. ಹದಿಮೂರನೆಯ ಪ್ರಶ್ನೆ ಕಾಫಿ ಯಂತ್ರದ ಬಗ್ಗೆ ಇತ್ತು. ಯಾರೂ ಯಾರಿಗೂ ಹೇಳಲಿಲ್ಲ, ಹದಿನೇಳು ಜನವೂ ಒಂದು ಹಾಕಿದ್ದೆವು.

ಪಾ ಹೂವಾ ಉಳಿದಳು. ಹದಿನಾಲ್ಕು ಫ್ಯಾಕ್ಟರಿಗಳಲ್ಲಿ ಐದಕ್ಕೆ ಐದು ಬಂದವಳು ಅವಳೊಬ್ಬಳೇ. ಕಾಫಿ ಯಂತ್ರ ಮಾತ್ರ ಹೋಯಿತು. ನಮಗೆಲ್ಲ ಅದು ಇಷ್ಟವಾಗಿತ್ತು. ಹೊಸತು ಹಾಲಿನ ನೊರೆ ಮಾಡುತ್ತದೆ, ಯಾರಿಗೂ ಬೇಡ. ಆ ಬಗ್ಗೆ ಯಾರೂ ದೂರಲಿಲ್ಲ.

ಒಂದು ವಾರ ಪಾ ಹೂವಾ ನಮ್ಮ ಮುಖ ನೋಡಲಿಲ್ಲ, ಅಷ್ಟು ಮುಜುಗರ. ಎರಡನೆಯ ಸೋಮವಾರ ಮನೆಯಿಂದ ಎಗ್‌ರೋಲ್ ಮಾಡಿಕೊಂಡು ದೊಡ್ಡ ತಟ್ಟೆಯಲ್ಲಿ ತಂದಿಟ್ಟಳು. ವರ್ಲಿನ್ ಒಂದು ತಿಂದ, ಬೆರಳು ಒರೆಸಿಕೊಂಡ. ಅವಳು ಬಾಗಿಲ ಬಳಿ ನಿಂತಿದ್ದಳು.

“ಹೇಗಿದೆ?” ಅಂದಳು. ನಾವೆಲ್ಲ ತಿನ್ನುವುದನ್ನು ನಿಲ್ಲಿಸಿದೆವು.

ವರ್ಲಿನ್ ಬಹಳ ಹೊತ್ತು ಯೋಚಿಸಿದ. “ಮೂರು” ಅಂದ.

ಪಾ ಹೂವಾಳ ಭುಜ ಕೆಳಗಿಳಿಯಿತು. ಎರಡು ವಾರದಿಂದ ಮೇಲೇ ಇತ್ತು. ಬಂದು ನಮ್ಮ ನಡುವೆ ಕೂತು, ತಟ್ಟೆಯಲ್ಲಿ ಉಳಿದಿದ್ದ ಕೊನೆಯದನ್ನು ಚಾಕುವಿನಿಂದ ಅರ್ಧ ಮಾಡಿ, ಅರ್ಧ ತಾನು ತೆಗೆದುಕೊಂಡಳು. ಉಳಿದ ಅರ್ಧ ಮಧ್ಯಾಹ್ನದವರೆಗೂ ಅಲ್ಲೇ ಇತ್ತು. ಆಮೇಲೆ ಕಾಲು ಇತ್ತು.